ಬೀದರ್ ಮದರಸಾ: ಬಿದ್ದ ಕಡೆಯಿಂದ ನೋಡ್ರಿ

ಬೀದರ್‌ನಾಗ ಊರಿನ ಕಟ್ಟಡ ಅಂತ ಒಂದೇ ಒಂದು ತೋರ್ಸು ಅಂದ್ರ ನಾ ನಗರಸಭೆ ಆಫೀಸಿಗೆ ಕರ್ಕೊಂಡು ಹೋಗಲ್ರಿ. ಚೌಬಾರಾದಿಂದ ಕೋಟೆ ಕಡೆ ಹೋಗೋ ರಸ್ತಾದಾಗ ಮಹಮೂದ್ ಗವಾನ್ ಮದರಸಾ ಅದಲ್ಲ, ಅದರ ಮುಂದ ತಂದು ನಿಲ್ಲಿಸ್ತೀನಿ. ನಾ ಡಿಪ್ಲೊಮಾ ಸಿವಿಲ್ ಓದಿದಾಂವ, ಮನಿ ಪ್ಲ್ಯಾನು ಎಸ್ಟಿಮೇಟು ಮಾಡೋದು ನನ್ನ ಹೊಟ್ಟಿಪಾಡು, ಆದ್ರ ಕಟ್ಟಡ ಹ್ಯಾಂಗ ನಿಲ್ತದ ಹ್ಯಾಂಗ ಬೀಳ್ತದ ಅಂತ ನನಗ ಖರೆ ಅರ್ಥ ಆಗಿದ್ದು ಕ್ಲಾಸಿನಾಗ ಅಲ್ಲ, ಇದೇ ಮದರಸಾದ ಮುರಿದ ಬಾಜು ನಿಂತಾಗ.

ಬಂದ ಮಂದಿ ಏನ್ ಮಾಡ್ತಾರ ಅಂದ್ರ, ಗೇಟಿನಾಗ ಬರ್ತಾರ, ಉಳಿದಿರೋ ಒಂದು ಮಿನಾರಿನ ಮುಂದ ಫೋಟೋ ತಕ್ಕೋತಾರ, ನೀಲಿ ಟೈಲ್ಸ್ ಭಾಳ ಛಂದ ಅವ ಅಂತಾರ, ಹತ್ತು ನಿಮಿಷದಾಗ ಕೋಟೆಗೆ ಹೊಂಟ್ ಬಿಡ್ತಾರ. ದಕ್ಷಿಣದ ಕಡೆ, ಅಂದ್ರ ಎಲ್ಲಿ ಕಟ್ಟಡ ಹರಿದು ಹೋಗ್ಯದೋ ಅಲ್ಲಿ, ಯಾರೂ ನಿಲ್ಲಲ್ಲ. ಅಲ್ಲೇ ನಿಲ್ಲಬೇಕ್ರಿ. ಮಳಿ, ಬಿಸಲು, ವಯಸ್ಸು ಇವೆಲ್ಲ ಸೇರಿ 220 ವರ್ಷದಾಗ ಮಾಡ್ಲಾರದ್ದನ್ನ ಆ ಕಟ್ಟಡದಾಗ ಇಡಬಾರದ ಸಾಮಾನು ಇಟ್ಟಿದ್ದು ಒಂದು ಹೊತ್ತಿನಾಗ ಮಾಡಿ ಮುಗಿಸ್ತು. ಅದನ್ನೇ ಪೂರಾ ಬಿಚ್ಚಿ ಹೇಳ್ತೀನಿ.

ಮೊದಲು ಜಾಗದ ಬಗ್ಗೆ ಸ್ವಲ್ಪ. ಹಳೆ ಬೀದರ್‌ನ ನಟ್ಟನಡು ಚೌಬಾರಾ, ದುಂಡನ ಗೋಪುರ, ಸುಮಾರು 22 ಮೀಟರ್ ಎತ್ತರ, ಒಳಗ 80 ಮೆಟ್ಲಿನ ಸುತ್ತು ಏಣಿ, ಮ್ಯಾಲ ನಿಂತ್ರ ಪ್ರಸ್ಥಭೂಮಿ ಪೂರಾ ಕಾಣ್ತದ, ಹಿಂದ ಪಹರೆ ಕಾಯೋದಕ್ಕ ಅದು. ನಾಕು ಕಡೆ ರಸ್ತಾ ಅಲ್ಲಿಂದ ಒಡೀತಾವ. ಅದರಾಗ ಒಂದು ಕೋಟೆಗೆ ಹೋಗ್ತದ, ಆ ರಸ್ತಾದ ಮಗ್ಗಲಿಗೇ ಮದರಸಾ. ಅಂದ್ರ ಒಂದು ತುದಿಗೆ ಅರಸರ ಮನಿ, ಇನ್ನೊಂದು ತುದಿಗೆ ಬಜಾರು, ನಡುವ ಓದೋ ಜಾಗ. ಊರಿನ ಯಾವ ದರ್ವಾಜಾದಿಂದ, ಶಾಹಗಂಜ್ ಆಗ್ಲಿ ಫತೇ ದರ್ವಾಜಾ ಆಗ್ಲಿ, ಒಳಗ ಬಂದು ಕೋಟೆಗೆ ಹೋಗೋ ಮನುಷ್ಯಾ ಈ ಕಟ್ಟಡ ನೋಡ್ಲಾರ್ದೆ ಹೋಗೋದು ಕಷ್ಟ. ಇವತ್ತೂ ಅದೇ ರಸ್ತಾದಾಗ ಬಿದ್ರಿ ಕೆಲಸದವರ ಅಂಗಡಿ ಅವ, ಸುತ್ತಿಗೆ ಸಪ್ಪಳ ಕೇಳ್ತಾ ಕೇಳ್ತಾ ಮದರಸಾಕ್ಕ ಬರ್ತೀರಿ.

ಕಟ್ಟಿಸಿದಾಂವ ಗವಾನ್. ಇರಾನಿನ ಗಿಲಾನ್ ಸೀಮೆಯವ, ವ್ಯಾಪಾರಕ್ಕಂತ 1453ರ ಸುಮಾರಿಗೆ ಬೀದರ್‌ಗೆ ಬಂದಾಂವ, ಆಗ್ಲೇ ನಲವತ್ತು ದಾಟಿದ ಮನುಷ್ಯಾ, ಬಂದಾಂವ ವಾಪಸ್ ಹೋಗ್ಲಿಲ್ಲ. ಬಹಮನಿ ದರ್ಬಾರಿನಾಗ ಮಲಿಕ್-ಉತ್-ತುಜ್ಜಾರ್ ಅಂತ ಬಿರುದು ಸಿಕ್ತು, ವ್ಯಾಪಾರಿಗಳ ದೊರಿ ಅಂತ ಅದರ ಅರ್ಥ, ಆಮ್ಯಾಲ ಮೂರನೇ ಮಹಮ್ಮದ್ ಶಾಹನ ಕಾಲಕ್ಕ ಇಡೀ ರಾಜ್ಯ ನಡ್ಸೋ ವಜೀರ ಆದ. ಅದೇ ಹೊತ್ತಿಗೆ ಬೀದರ್‌ನಾಗ ಇದ್ದ ರಷ್ಯಾದ ವ್ಯಾಪಾರಿ ಅಫನಾಸಿ ನಿಕಿತಿನ್ ತನ್ನ ಬರಹದಾಗ ಇವನ ಬಿರುದು ಹೇಳ್ಯಾನ. ನಾಕು ಇದ್ದ ಪ್ರಾಂತ್ಯ ಎಂಟು ಮಾಡಿದ್ದು, ಹೊಲ ಅಳೆಸಿದ್ದು, ಎಲ್ಲ ಗವಾನನ ಕೆಲಸ. ಪರ್ಶಿಯನ್‌ನಾಗ ಬರೆದ ಅವನ ಪತ್ರಗಳು ಉಳಿದಾವ, ಹೇರಾತಿನ ಕವಿ ಜಾಮಿಗೂ ಬರೀತಿದ್ದ. ಅಂಥಾ ದೂರದ ವಿದ್ವಾಂಸರನ್ನ ಈ ಕೆಂಪು ಮಣ್ಣಿನ ಊರಿಗೆ ಕರಿಸಬೇಕಂದ್ರ ಇರಾಕ ಓದಾಕ ಅವರಿಗೆ ತಕ್ಕ ಜಾಗ ಬೇಕಲ್ರಿ. ಹಿಜರಿ 877, ಅಂದ್ರ 1472ಕ್ಕ ಮದರಸಾ ಎದ್ದು ನಿಂತು.

ಈಗ ಪ್ಲ್ಯಾನಿಗೆ ಬರ್ತೀನಿ, ನನಗ ಇಲ್ಲೇ ಭಾಳ ಹೇಳೋದದ. ಪೂರ್ವ-ಪಶ್ಚಿಮ 205 ಅಡಿ, ದಕ್ಷಿಣ-ಉತ್ತರ 180 ಅಡಿ. ನಮ್ಮ ಲೆಕ್ಕದಾಗ ಹೇಳ್ಬೇಕಂದ್ರ ಸುಮಾರು 34 ಗುಂಟೆ. ನಡುವ ಅಂಗಳ 100 ಅಡಿಗೆ 100 ಅಡಿ, ಅಂದ್ರ ಇಡೀ ಜಾಗದಾಗ ಕಾಲು ಭಾಗಕ್ಕಿಂತ ಜಾಸ್ತಿ ಆಕಾಶಕ್ಕ ಬಿಟ್ಟುಬಿಟ್ಟಾರ. ಈಗಿನ ಕಾಲಕ್ಕ ಯಾವ ಮಾಲೀಕ ಒಪ್ತಾನ್ರಿ ಇದಕ್ಕ? ಆದ್ರ ಆ ಅಂಗಳಾನೇ ಕಟ್ಟಡದ ಪುಪ್ಪುಸ. ಸುತ್ತ ಮೂರು ಅಂತಸ್ತು, ಕೋಣೆಗಳ ಬಾಯಿ ಎಲ್ಲ ಅಂಗಳದ ಕಡೆ, ಬೆಳಕು ಗಾಳಿ ಅಲ್ಲಿಂದಾನೇ. ಏಪ್ರಿಲ್ ಮೇ ತಿಂಗಳ ಬೀದರ್ ಬಿಸಲಾಗ ಒಳಗ ಹೋಗಿ ಕಮಾನಿನ ನೆರಳಾಗ ನಿಲ್ರಿ, ಹೊರಗಿನ ರಸ್ತಾಕ್ಕೂ ಅಲ್ಲಿಗೂ ಎಷ್ಟು ಫರಕ್ ಅದ ಅಂತ ಮೈಗೇ ಗೊತ್ತಾಗ್ತದ, ಗ್ವಾಡಿ ಅಷ್ಟು ದಪ್ಪ ಅವ.

ನಾಕೂ ಬಾಜುವಿನ ನಡುವ ಒಂದೊಂದು ದೊಡ್ಡ ಕಮಾನಿನ ಹಾಲ್. ಇರಾನ್ ಕಡೆ ಇದಕ್ಕ ಇವಾನ್ ಅಂತಾರ, ಮೂರು ಕಡೆ ಗ್ವಾಡಿ ಒಂದು ಕಡೆ ಪೂರಾ ಖುಲ್ಲಾ ಕಮಾನು. ಪೂರ್ವದ್ದು ಬಾಗಿಲು, ಉಳಿದ ಮೂರು ಪಾಠದ ಹಾಲ್. ಈ ಪಾಠದ ಹಾಲುಗಳು ಮೂರೂ ಅಂತಸ್ತಿನ ಎತ್ತರಕ್ಕ ನೇರ ಏರ್ತಾವ, ನಡುವ ಛತ್ ಇಲ್ಲ. ಹೊರಗಿನಿಂದ ನೋಡಿದ್ರ ಈ ಮೂರು ಜಾಗದಾಗ ಗ್ವಾಡಿ ಅರ್ಧ ಎಂಟುಮೂಲಿ ಆಕಾರದಾಗ ಹೊರಗ ಉಬ್ಬ್ಯದ, ಅದರ ಮ್ಯಾಲ ಗುಮ್ಮಟ. ಇದೇ ನಕ್ಷೆ ಖುರಾಸಾನಿನ ಖರ್ಗಿರ್ದ್ ಅನ್ನೋ ಊರಾಗ 1444ರ ಸುಮಾರಿಗೆ ಮುಗಿದ ಮದರಸಾದಾಗೂ ಕಾಣ್ತದ, ಅದನ್ನ ಕಟ್ಟಿಸಿದಾಂವನೂ ಒಬ್ಬ ವಜೀರನೇ. ಅಂದ್ರ ಅಲ್ಲಿ ಹೊಸದಾಗಿ ಬಂದಿದ್ದು ಮೂವತ್ತು ವರ್ಷದೊಳಗ ಬೀದರ್‌ಗೆ ಬಂದು ನಿಂತದ. ಇದು ನನಗ ಪ್ರತಿ ಸಲಾನೂ ಬೆರಗು. ನಮ್ಮ ಗುಡಿ ಕಟ್ಟೋರು ಕಂಬದ ತಲಿ ಮ್ಯಾಲ ಇಡೋ ಬೋದಿಗಿ, ಕಲ್ಲಿನ ಛಜ್ಜಾ, ಇಂಥಾವೇನೂ ಈ ಕಟ್ಟಡದಾಗ ಹುಡುಕಿದ್ರೂ ಸಿಗಲ್ಲ. ಮಿನಾರಿನ ಬಾಲ್ಕನಿ ನೋಡ್ರಿ, ಕೆಳಗ ಬ್ರ್ಯಾಕೆಟ್ ಕೊಟ್ಟಿಲ್ಲ, ಮಿನಾರಿನ ಮೈನೇ ಹೂವಿನಂಗ ಬಾಗಿ ಹೊರಗ ಬಂದು ಬಾಲ್ಕನಿ ಆಗ್ಯದ.

ಮುಂಭಾಗದಾಗ ಬಾಗಿಲಿನ ಎರಡೂ ಕಡೆ ಮಸೀದಿ ಮತ್ತ ಲೈಬ್ರರಿ, ಮೂರು ಸಾವಿರ ಹಸ್ತಪ್ರತಿ ಇದ್ವು ಅಂತ ಹೇಳ್ಕೋತ ಬಂದಾರ. ಮುಂಭಾಗದ ಎರಡು ತುದಿಗೆ ಎರಡು ಮಿನಾರ್, ಉಳಿದಿದ್ದು ಈಶಾನ್ಯದ್ದು, ಸುಮಾರು 131 ಅಡಿ. ಚೌಬಾರಾ 22 ಮೀಟರ್ ಅಂದ್ನಲ್ಲ, ಅಂದ್ರ 72 ಅಡಿ, ಅದರ ಮ್ಯಾಲ ಇನ್ನೊಂದು ಅಷ್ಟೇ ಇಡೋಹಂಗ ಹತ್ರ ಹತ್ರ. ಇಡೀ ಮುಖಕ್ಕ ಬಣ್ಣದ ಟೈಲ್ಸ್ ಹೊದಿಸಿದ್ರು, ನೀಲಿ, ಬಿಳಿ, ಹಳದಿ, ಹಸಿರು, ಮಿನಾರಿನ ಮ್ಯಾಲ ಅಂಕುಡೊಂಕು ಪಟ್ಟಿ, ಮ್ಯಾಲಿನ ಸಾಲಿನಾಗ ನೀಲಿ ಹಿನ್ನೆಲೆಗೆ ಬಿಳಿ ಅಕ್ಷರದ ಕುರಾನಿನ ಸಾಲು. ಈಗ ಉಳಿದಿದ್ದು ಅಲ್ಲಲ್ಲಿ ತೇಪಿ ಹಚ್ಚಿದಂಗ, ಆದ್ರೂ ಮುಂಜಾನೆ ಬಿಸಲು ಬಿದ್ದಾಗ ಆ ನೀಲಿ ಇನ್ನೂ ಹೊಳೀತದ, 550 ವರ್ಷದ ನೀಲಿ.

ಕಟ್ಟಿಸಿದಾಂವನ ಗತಿ ಏನಾಯ್ತು ಅಂತ ಜಲ್ದಿ ಹೇಳಿಬಿಡ್ತೀನಿ, ಯಾಕಂದ್ರ ಅದು ಹೇಳ್ತಾ ನನಗ ಇವತ್ತೂ ಸಂಕಟ ಆಗ್ತದ. ದರ್ಬಾರಿನಾಗ ಇಲ್ಲಿನ ದಖ್ಖನಿಗರಿಗೂ ಹೊರಗಿಂದ ಬಂದ ಅಫಾಕಿಗಳಿಗೂ ಜಗಳ, ವೈರಿಗಳು ಗವಾನನ ಮುದ್ರಿ ಇರೋ ಖಾಲಿ ಹಾಳಿ ಸಂಪಾದಿಸಿ ಅದರ ಮ್ಯಾಲ ಒಡಿಶಾದ ಅರಸನಿಗೆ ಬರೆದಂಗ ಸುಳ್ಳು ಪತ್ರ ತಯಾರು ಮಾಡಿದ್ರು, ಸುಲ್ತಾನ ನಂಬಿದ, 1481ರ ಏಪ್ರಿಲ್‌ನಾಗ ಎಪ್ಪತ್ತು ದಾಟಿದ ಮುದುಕನ ತಲಿ ಹೊಡೆಸಿದ. ಆಮ್ಯಾಲ ಖರೆ ಗೊತ್ತಾಗಿ ಸುಲ್ತಾನ ಅತ್ತ, ವರ್ಷದೊಳಗ ತಾನೂ ಸತ್ತ, ರಾಜ್ಯ ಐದು ತುಂಡಾಗೋ ಹಾದಿ ಹಿಡೀತು. ಗವಾನನ ಗೋರಿ ಗೋರನಳ್ಳಿ ಕಡೆ ಅದ, ಅಷ್ಟೂರಿನ ಸುಲ್ತಾನರ ಗುಮ್ಮಟ ನೋಡಿ ಅಲ್ಲಿಗೆ ಹೋದ್ರ ಎಷ್ಟು ಸಾದಾ ಅದ ಅಂತ ಕಣ್ಣಿಗೆ ಹೊಡೀತದ. ಆದ್ರ ಮಾಲೀಕ ಹೋದ್ರೂ ಮದರಸಾ ಹೋಗ್ಲಿಲ್ಲ, ಇದು ನೆನಪಿಡ್ರಿ. ಬಹಮನಿಗಳು ಹೋದ್ರು, ಬರೀದ್ ಶಾಹಿಗಳು ಬಂದು ಹೋದ್ರು, 1619ಕ್ಕ ಬಿಜಾಪುರದ ಆದಿಲ್ ಶಾಹಿಗಳು ಬೀದರ್ ತಗೊಂಡ್ರು, ಕಟ್ಟಡ ನಿಂತೇ ಇತ್ತು. ಕಟ್ಟಿ ಒಂದು ಶತಮಾನಕ್ಕಿಂತ ಜಾಸ್ತಿ ಆದ್ಮ್ಯಾಲ ಬರೆದ ಇತಿಹಾಸಕಾರ ಫರಿಷ್ತಾ ಕೂಡ ಅದರ ಗಟ್ಟಿತನ ಹೊಗಳ್ಯಾನ.

ಈಗ ಬಾರೂದಿನ, ಅಂದ್ರ ಸಿಡಿಮದ್ದಿನ ಸುದ್ದಿ. ಇದರಾಗ ಒಂದು ವಿಚಾರ ನನ್ನ ತಲ್ಯಾಗ ಯಾವಾಗ್ಲೂ ಕೊರೀತದ. ಮದರಸಾ ಮುಗಿದ ಆ ಹೊತ್ತಿನಾಗೇ, 1472-73ರ ಸುಮಾರಿಗೆ, ಇದೇ ಗವಾನನ ಸೈನ್ಯ ಬೆಳಗಾವಿ ಕೋಟೆ ಮುತ್ತಿತ್ತು, ಅಲ್ಲಿ ಗ್ವಾಡಿ ಕೆಳಗ ಸುರಂಗ ತೋಡಿ ಬಾರೂದು ತುಂಬಿ ಹಾರಿಸಿದ್ರು, ದಖ್ಖನಿನಾಗ ಇದು ಇನ್ನೂ ಹೊಸ ಯುದ್ಧವಿದ್ಯಾ. ಅಂದ್ರ ಗ್ವಾಡಿಗೂ ಬಾರೂದಿಗೂ ಏನು ಸಂಬಂಧ ಅಂತ ಗವಾನನಿಗೆ ಪೂರಾ ಗೊತ್ತಿತ್ತು, ಅಂವ ಇದ್ದಿದ್ರ ತನ್ನ ಶಾಲಿ ಒಳಗ ಒಂದು ಸೇರು ಬಾರೂದೂ ಇಡಾಕ ಬಿಡ್ತಿರಲಿಲ್ಲ ಅಂತ ನನಗ ಅನಿಸ್ತದ.

1657ಕ್ಕ ಔರಂಗಜೇಬ್ ಬೀದರ್ ಕೋಟೆ ಮುತ್ತಿದ, 27 ದಿನದ ಮುತ್ತಿಗೆ. ಒಳಗ ಬಿಜಾಪುರದ ಕಡೆಯಿಂದ ಕೋಟೆ ಕಾಯೋ ಕಿಲ್ಲೇದಾರ ಸಿದ್ದಿ ಮರ್ಜಾನ್. ಬುರುಜಿನ ಹಿಂದ ಅವರೇ ಕೂಡಿಸಿಟ್ಟಿದ್ದ ಬಾರೂದಿಗೆ ಮೊಘಲರ ಕಡೆಯ ಒಂದು ಬೆಂಕಿಬಾಣದ, ಅಂದ್ರ ರಾಕೆಟ್ಟಿನ ಕಿಡಿ ಬಿತ್ತು, ಸಿದ್ದಿ ಮರ್ಜಾನ್ ಮಕ್ಕಳ ಸಮೇತ ಸುಟ್ಟ, ಅದೇ ಗಾಯದಾಗ ಸತ್ತ, ಕೋಟೆ ಹೋಯ್ತು, ಊರಿಗೆ ಜಫರಾಬಾದ್ ಅಂತ ಹೆಸರು ಬಿತ್ತು. ಬಾರೂದು ಕೂಡಿಸಿಡೋದು ಅಂದ್ರ ಏನಾಗ್ತದ ಅಂತ ಈ ಊರು ಕಣ್ಣಾರೆ ನೋಡಿತ್ತು, ಇಷ್ಟಾದ್ಮ್ಯಾಲೂ ಮೊಘಲರ ಕಾಲಕ್ಕ ಮದರಸಾದ ಕೋಣೆಗಳು ಕುದುರಿ ಸೈನಿಕರ ಬಿಡಾರ ಆದ್ವು, ಒಂದಿಷ್ಟು ಕೋಣ್ಯಾಗ ಬಾರೂದು ತುಂಬಿಟ್ರು. ಯಾಕ್ ಇಟ್ರು ಅಂದ್ರ ಕಾರಣ ಕಟ್ಟಡದ ಗುಣಾನೇ: ಗ್ವಾಡಿ ದಪ್ಪ, ಕೋಣಿ ಒಣ, ಕೋಟೆಗೆ ಹತ್ರ. ಓದೋರಿಗೆ ಥಂಡಿ ಇರಲಿ ಅಂತ ಕಟ್ಟಿದ ಕೋಣಿ ಉಗ್ರಾಣದವರಿಗೂ ಹಿಡಿಸ್ತು. 1695-96ರಾಗ ಅದು ಸಿಡೀತು. ಸಿಡಿಲು ಬಡಿದು ಕಿಡಿ ಹೊತ್ತಿತು ಅಂತ ಒಂದು ಮಾತದ. ಕಿಡಿ ಎಲ್ಲಿಂದಾದ್ರೂ ಬರ್ಲಿ, ಬಾರೂದು ಅಲ್ಲಿ ಇರಲಿಲ್ಲ ಅಂದ್ರ ಒಂದು ಸಿಡಿಲಿಗೆ ನಾಕು ಟೈಲ್ಸ್ ಉದುರ್ತಿದ್ವು, ಅಷ್ಟೇ.

ಏನೇನು ಹೋಯ್ತು? ಆಗ್ನೇಯ ಮೂಲಿ ಮಿನಾರ್ ಪೂರಾ, ಪೂರ್ವದ ಮುಖದ ದಕ್ಷಿಣ ಅರ್ಧ, ನಡುವಿನ ದೊಡ್ಡ ಬಾಗಿಲು, ಮತ್ತ ದಕ್ಷಿಣ ಬಾಜುವಿನ ದೊಡ್ಡ ಪಾಲು. ಉತ್ತರ, ಪಶ್ಚಿಮ ನಿಂತ್ವು. ಇದು ಹ್ಯಾಂಗ ಅಂತ ನಾ ಇಲ್ಲಿಗೆ ನೋಡಾಕ ಕರ್ಕೊಂಡು ಬರೋ ಹುಡುಗುರಿಗೆ ಟೇಪ್ ಹಿಡ್ಕೊಂಡು ಅಲ್ಲೇ ನಿಂತು ಹೇಳ್ತೀನಿ. ಬಾರೂದು ಖುಲ್ಲಾ ಜಾಗದಾಗ ಭಗ್ ಅಂತ ಉರೀತದ, ಮುಚ್ಚಿದ ಕೋಣ್ಯಾಗ ಸಿಡೀತದ, ಹುಟ್ಟಿದ ಗ್ಯಾಸಿಗೆ ಹಾದಿ ಇಲ್ಲಲ್ಲ, ಅದು ಗ್ವಾಡಿ ದೂಡ್ತದ ಛತ್ ಎತ್ತತದ. ಕಲ್ಲು-ಗಚ್ಚಿನ ಕಟ್ಟಡ ಮ್ಯಾಲಿಂದ ಕೆಳಗ ಒತ್ತಿದ್ರ ಎಷ್ಟು ಭಾರ ಆದ್ರೂ ಹೊರ್ತದ, ಆದ್ರ ಕೆಳಗಿಂದ ಮ್ಯಾಲ ಎತ್ತಿದ್ರ, ಇಲ್ಲಾ ಬಾಜುವಿಂದ ಜಗ್ಗಿದ್ರ ಅದಕ್ಕ ತಾಕತ್ತೇ ಇಲ್ಲ, ಒಳಗ ಕಬ್ಬಿಣ ಇಲ್ಲಲ್ರಿ ಈಗಿನ ಸ್ಲ್ಯಾಬಿನಂಗ. ಮ್ಯಾಲ ಎದ್ದ ಛತ್ ಮತ್ತ ತನ್ನ ಜಾಗಕ್ಕ ಸರಿಯಾಗಿ ಕೂಡಲ್ಲ. ಆಮ್ಯಾಲ ಕಮಾನಿನ ಸ್ವಭಾವ ಏನಂದ್ರ ಅದು ಯಾವಾಗ್ಲೂ ಎರಡೂ ಕಡೆ ಒದ್ಕೋತ ನಿಂತಿರ್ತದ, ಒಂದು ಕಮಾನಿನ ಒದಿಕಿ ಬಾಜುವಿನ ಕಮಾನು ತಡ್ಕೋತದ, ಅದರದ್ದು ಮುಂದಿನದು. ಸಾಲಿನಾಗ ಒಂದು ಹೋದ್ರ ಮಗ್ಗಲದ್ದು ಆಸರಿ ಕಳ್ಕೊಂಡು ಬಾಯಿ ಬಿಡ್ತದ. ಹಂಗಾಗಿ ಸಿಡಿತ ಎಷ್ಟು ಕೆಡವಿತೋ ಅದಕ್ಕಿಂತ ಜಾಸ್ತಿ ಆಮ್ಯಾಲ ತಾನೇ ಬಿದ್ದಿರ್ತದ ಅಂತ ನನ್ನ ಅಂದಾಜು.

ಅಂದ್ರ ಉತ್ತರದ ಕಡೆ ಯಾಕ ಉಳೀತು? ಅಂಗಳ ರೀ. ಆ 100 ಅಡಿ ಖುಲ್ಲಾ ಅಂಗಳ. ದಕ್ಷಿಣದಾಗ ಹುಟ್ಟಿದ ಒತ್ತಡ ಅಂಗಳಕ್ಕ ಬಂದ ಕೂಡ್ಲೇ ಆಕಾಶಕ್ಕ ಹಾರಿ ಹೋಯ್ತು, ಎದುರಿನ ಬಾಜುವಿಗೆ ಮುಟ್ಟೋದ್ರಾಗ ಜೋರು ಇಳಿದಿತ್ತು. ಓದೋರಿಗೆ ಬೆಳಕು ಬರ್ಲಿ ಅಂತ ಬಿಟ್ಟ ಜಾಗ 220 ವರ್ಷ ಆದ್ಮ್ಯಾಲ ಅರ್ಧ ಕಟ್ಟಡ ಉಳಿಸ್ತು. ಇದು ನನ್ನ ಓದು, ನಿಂತು ನೋಡಿ ಕಟ್ಟಿದ ಓದು, ಆದ್ರ ಇದು ಬಿಟ್ಟು ಬ್ಯಾರೆ ಥರ ನನಗ ಆ ಬಿರುಕುಗಳು ಅರ್ಥ ಆಗಲ್ಲ.

ಮತ್ತ ಬಿದ್ದ ಕಡೆ ನಿಂತ್ರ ಏನ್ ಸಿಗ್ತದ ಅಂದ್ರ, ಇಡೀ ಕಟ್ಟಡದ ಸೆಕ್ಷನ್ ಸಿಗ್ತದ. ನಾವು ಕಾಗದದ ಮ್ಯಾಲ ಎಳೀತೀವಲ್ಲ ಕಟ್ಟಡ ಅರ್ಧಕ್ಕ ಕೊಯ್ದಂಗ ಡ್ರಾಯಿಂಗು, ಅದು ಇಲ್ಲಿ ಖರೆ ಆಗಿ ನಿಂತದ. ಅಂತಸ್ತಿನ ಮ್ಯಾಲ ಅಂತಸ್ತು ಹ್ಯಾಂಗ ಕೂತದ, ಕಮಾನಿನ ಭುಜದಾಗ ಏನ್ ತುಂಬ್ಯಾರ, ಗ್ವಾಡಿ ಹೊರಗ ಛಂದ ಇದ್ರ ಒಳಗ ಕಲ್ಲು ಸುಣ್ಣ ಹ್ಯಾಂಗ ಬೆರ್ಸ್ಯಾರ, ಎಲ್ಲ ಬಿಚ್ಚಿ ಇಟ್ಟಂಗ. ಒಮ್ಮೆ ಒಬ್ಬ ಹುಡುಗ ಆ ಕಡೆ ನಿಂತು ಭಾಳ ಹೊತ್ತು ನೋಡಿ, ಸರ್ ಇದು ಒಡೆದಿಲ್ಲ ಅಂದ್ರ ನಾವು ಇದರ ಹೊಟ್ಟಿ ನೋಡ್ತಿದ್ದಿಲ್ಲ ಅಂದ. ಅವತ್ತಿಂದ ನಾನು ಪ್ರತಿ ಬ್ಯಾಚಿಗೂ ಮೊದಲು ಅದೇ ಕಡೆ ಕರ್ಕೊಂಡು ಹೋಗ್ತೀನಿ, ಮಿನಾರ್ ಆಮ್ಯಾಲ.

ಸಿಡಿದ ಮ್ಯಾಲ ಎರಡು ಶತಮಾನ ಅದು ಹಂಗೇ ಇತ್ತು. ಒಡೆದ ತಲಿಗಳ ಮ್ಯಾಲಿಂದ ನೀರು ಇಳೀತು, ಅರಳಿ ಗಿಡ ಬೇರು ಬಿಟ್ವು. 1914ಕ್ಕ ನಿಜಾಮ ಸರ್ಕಾರ ಪುರಾತತ್ವ ಇಲಾಖೆ ಶುರು ಮಾಡಿ ಗುಲಾಮ್ ಯಜ್ದಾನಿ ಅವರನ್ನ ಮುಖ್ಯಸ್ಥರನ್ನ ಮಾಡಿದ್ಮ್ಯಾಲ ಬೀದರ್‌ಗೆ ಒಬ್ಬ ಖರೆ ನೋಡೋ ಮನುಷ್ಯಾ ಸಿಕ್ಕ. ಅಳತಿ ತಗೊಂಡಿದ್ದು, ನಕ್ಷೆ ಮಾಡಿಸಿದ್ದು, ರಿಪೇರಿ ಮಾಡಿಸಿದ್ದು, ಕೊನಿಗೆ 1947ಕ್ಕ ಬೀದರ್ ಸ್ಮಾರಕಗಳ ಬಗ್ಗೆ ದೊಡ್ಡ ಪುಸ್ತಕ ತಂದಿದ್ದು ಅವರೇ, ಇವತ್ತೂ ಬೀದರ್ ಬಗ್ಗೆ ಬರೆಯೋರು ಅವರ ಅಳತಿ ಮ್ಯಾಲೇ ನಿಂತಾರ. ಈಗ ಕಟ್ಟಡ ಕೇಂದ್ರದ ಪುರಾತತ್ವ ಇಲಾಖೆ, ಅಂದ್ರ ಎಎಸ್‌ಐ ಕೈಯಾಗ ಅದ. 2014ಕ್ಕ ದಖ್ಖನ್ ಸುಲ್ತಾನರ ಸ್ಮಾರಕಗಳ ಜೋಡಿ ಬೀದರ್ ಯುನೆಸ್ಕೋದ ವಿಶ್ವ ಪರಂಪರೆ ತಾಣಗಳ ತಾತ್ಕಾಲಿಕ ಪಟ್ಟಿಗೆ ಹೋಯ್ತು.

ನಮ್ಮ ಚಹಾ ಅಡ್ಡಾದಾಗ ಒಂದು ವಾದ ಮುಗಿಯಲ್ಲ. ಗೆಳೆಯ ಒಬ್ಬ ಅಂತಾನ, ಈಗ ಲೇಸರ್ ಸ್ಕ್ಯಾನ್ ಬಂದದ, ಉಳಿದ ಮಿನಾರ್ ಸ್ಕ್ಯಾನ್ ಮಾಡಿ ಉಲ್ಟಾ ಮಾಡಿ ಆ ಕಡೆ ಇನ್ನೊಂದು ಎಬ್ಬಿಸಿಬಿಡ್ರಿ, ಟೂರಿಸ್ಟ್ ಬರ್ತಾರ, ಊರಿಗೂ ದುಡ್ಡು. ಅವನ ಆಸೆ ಖೊಟ್ಟಿ ಅಲ್ಲ, ಅಂವಗೂ ಊರಿನ ಮ್ಯಾಲ ಪ್ರೀತಿ ಅದ. ಆದ್ರ ನಾ ಒಪ್ಪಲ್ಲ. ಒಂದನೇದು, ಮಿನಾರ್ ಉಲ್ಟಾ ಮಾಡಬಹುದು, ನಡುವಿನ ಬಾಗಿಲು ಎಲ್ಲಿಂದ ಉಲ್ಟಾ ಮಾಡ್ತಿ? ಅದಕ್ಕ ಜೋಡಿ ಇಲ್ಲ, ಇದ್ದಿದ್ದೇ ಒಂದು, ಅದೇ ಹೋಗ್ಯದ. ಊಹೆ ಮ್ಯಾಲೇ ಕಟ್ಟಬೇಕಾಗ್ತದ. ಸ್ಮಾರಕ ಹ್ಯಾಂಗ ಕಾಯಬೇಕು ಅಂತ ಹೇಳೋ 1964ರ ವೆನಿಸ್ ಸನದಿನಾಗ ಸ್ಪಷ್ಟ ಅದ, ಊಹೆ ಶುರು ಆಗೋ ಜಾಗದಾಗ ಜೀರ್ಣೋದ್ಧಾರ ನಿಲ್ಲಬೇಕು ಅಂತ. ಎರಡನೇದು, ಹೊಸ ಮಿನಾರಿನ ಭಾರ ಹೊತ್ಕೊಂಡು ನಿಲ್ಲೋ ನೆಲ ಮತ್ತ ಅದರ ಬಾಜುವಿನ ಹಳೆ ಗ್ವಾಡಿ ಒಂದೇ ಥರ ಕುಸಿಯಲ್ಲ, ಹೊಸದು ಕೂಡೋವಾಗ ಹಳೇದನ್ನ ಜಗ್ತದ. ಇನ್ನೊಂದು ನನ್ನ ಮನಸಿಂದು: 1696ರ ಗಾಯನೂ ಆ ಕಟ್ಟಡದ ಇತಿಹಾಸನೇ. ಅದನ್ನ ಮುಚ್ಚಿದ್ರ ಗವಾನನ ಕಥಿ ಉಳೀತದ, ಬಾರೂದಿನ ಕಥಿ ಹೋಗ್ತದ.

ಮಾಡೋ ಕೆಲಸ ಬ್ಯಾರೆ ಅವ, ಸಣ್ಣವು, ಫೋಟೋದಾಗ ಕಾಣಲ್ಲ. ಒಡೆದ ಗ್ವಾಡಿ ತಲಿಗಳ ಮ್ಯಾಲ ನೀರು ನಿಲ್ಲಬಾರ್ದು. ಗಿಡ ಹುಟ್ಟಿದ ವರ್ಷನೇ ಕೀಳಬೇಕು, ಮೂರನೇ ವರ್ಷಕ್ಕ ಬೇರು ಕಲ್ಲು ಸೀಳಿರ್ತದ. ಸಂದು ತುಂಬೋದಕ್ಕ ಸಿಮೆಂಟ್ ಹಚ್ಚಲೇಬಾರ್ದು, ಸುಣ್ಣದ ಗಚ್ಚೇ ಆಗ್ಬೇಕು, ಯಾಕಂದ್ರ ಸಿಮೆಂಟ್ ಕಲ್ಲಿನಂಗ ಬಿರುಸು, ಒಳಗಿನ ಪಸಿ ಹೊರಗ ಬಿಡಲ್ಲ, ಆ ಪಸಿ ಉಪ್ಪು ಹೊತ್ಕೊಂಡು ಬ್ಯಾರೆ ಹಾದಿ ಹುಡುಕ್ತದ, ಟೈಲ್ಸ್ ಹಿಂದ ಹೋಗಿ ಟೈಲ್ಸೇ ದೂಡಿ ಬೀಳಿಸ್ತದ. ಟೈಲ್ಸ್ ಉದುರೋದಕ್ಕ ಕಳ್ಳರೇ ಕಾರಣ ಅಂತಾರ ಮಂದಿ, ಪಸಿ ಅದಕ್ಕಿಂತ ದೊಡ್ಡ ಕಳ್ಳ.

ಸುತ್ತಿನ ಓಣಿ ಮಂದಿ ತ್ರಾಸನೂ ಹೇಳ್ಬೇಕು. ಪ್ರಾಚೀನ ಸ್ಮಾರಕಗಳ ಕಾನೂನಿಗೆ 2010ರ ತಿದ್ದುಪಡಿ ಆದ್ಮ್ಯಾಲ ಸ್ಮಾರಕದಿಂದ 100 ಮೀಟರ್ ಒಳಗ ಹೊಸದು ಕಟ್ಟಂಗಿಲ್ಲ, ಅದರಾಚೆ ಇನ್ನೂ 200 ಮೀಟರ್ ಪರವಾನಗಿ ಬೇಕು. ಹಳೆ ಬೀದರ್‌ನಾಗ 100 ಮೀಟರ್ ಅಂದ್ರ ಎಷ್ಟು ಮನಿ ಬರ್ತಾವ ಅಂತ ಓಣ್ಯಾಗ ನಡೆದಾಡಿದವರಿಗೇ ಗೊತ್ತು. ಪರಿಚಯದ ಒಂದು ಮನಿಯವರು ಸೋರೋ ಛತ್ ರಿಪೇರಿಗೆ ಕಾಗದ ಹಿಡ್ಕೊಂಡು ಎರಡು ಮಳಿಗಾಲ ಅಡ್ಡಾಡಿದ್ರು, ಅವರ ನಕ್ಷೆ ನಾನೇ ಮಾಡಿದ್ದು. ಕಾನೂನು ಬ್ಯಾಡ ಅಂತ ನಾ ಅನ್ನಲ್ಲ, ಅದು ಇಲ್ಲಂದ್ರ ಮಿನಾರಿನ ಬೆನ್ನಿಗೆ ಐದು ಮಾಳಿಗಿ ಲಾಡ್ಜ್ ನಿಂತಿರ್ತಿತ್ತು. ಆದ್ರ ರಿಪೇರಿ ಬ್ಯಾರೆ, ಹೊಸ ಕಟ್ಟಡ ಬ್ಯಾರೆ, ರಿಪೇರಿ ಕಾಗದ ಒಂದು ಬ್ಯಾಸಿಗಿ ಒಳಗ ಮುಗೀಬೇಕು. ಮದರಸಾ ನೋಡ್ಕೋತ ದಿನಾ ಬದುಕೋರು ಅವರೇ, ಅವರೇ ಅದರ ಮ್ಯಾಲ ಸಿಟ್ಟಾದ್ರ ಯಾವ ಬೇಲಿನೂ ಕಾಯಲ್ಲ.

ನೋಡಾಕ ಹೋಗೋರು ಮುಂಜಾನೆ ಹೋಗ್ರಿ, ಮುಖ ಪೂರ್ವಕ್ಕ ಅದ, ಬಿಸಲು ನೇರ ಟೈಲ್ಸ್ ಮ್ಯಾಲ ಬೀಳ್ತದ. ಒಂದು ಸುತ್ತು ಹಾಕಿ ದಕ್ಷಿಣಕ್ಕ ಬರ್ರಿ. ಮುಖದ ಗ್ವಾಡಿ ಎಲ್ಲಿ ಮುರಿದು ನಿಂತದೋ ಆ ಅಂಚಿಗೆ ಬೆನ್ನು ಕೊಟ್ಟು, ಅಲ್ಲಿಂದ ಆಗ್ನೇಯ ಮೂಲಿವರೆಗೂ ಹೆಜ್ಜಿ ಎಣಿಸ್ಕೋತ ನಡೀರಿ. ಅಷ್ಟು ಹೆಜ್ಜಿ ಕಟ್ಟಡ ಒಂದೇ ಹೊತ್ತಿನಾಗ ಹೋಗಿದ್ದು.